ಸಹಾಯ ಬೇಕು: ಹೊಚ್ಚ ಹೊಸ ಮನೆಗೂ ಸರ್ವೆ (ಕಟ್ಟಡದ ತಪಾಸಣೆ) ಮಾಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಹೊಸದಾಗಿ ಕಟ್ಟುತ್ತಿರುವ ಮನೆ ಕೊಳ್ಳುತ್ತಿದ್ದೇವೆ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗಿದೆ, ಅಂದರೆ ಕರಾರು ಪಕ್ಕಾ ಆಗಿದೆ, ಕೀ ಇನ್ನೂ ಕೈಗೆ ಬಂದಿಲ್ಲ.

ಬಿಲ್ಡರ್‌ನ ಸೇಲ್ಸ್ ಆಫೀಸಿನವರು "ಎನ್‌ಎಚ್‌ಬಿಸಿಯ (ಹೊಸ ಮನೆಗಳಿಗೆ ವಾರಂಟಿ ಕೊಡುವ ಸಂಸ್ಥೆ) 10 ವರ್ಷದ ವಾರಂಟಿ ಇದೆ, ಸರ್ವೆಗೆ ಸುಮ್ನೆ ಯಾಕೆ ದುಡ್ಡು?" ಅನ್ನುತ್ತಾರೆ. ಆದರೆ ಬಿಲ್ಡರ್ ಬಂದು ದೋಷ ಸರಿಮಾಡಬೇಕಾದದ್ದು ಮೊದಲ 2 ವರ್ಷ ಮಾತ್ರ. ಆಮೇಲಿನ 8 ವರ್ಷ ಮುಖ್ಯವಾಗಿ ಅಡಿಪಾಯ, ಗೋಡೆ, ಚಾವಣಿಯಂಥ ದೊಡ್ಡ ಹಾನಿಗೆ ಇರುವ ವಿಮೆ. ಬಾಗಿಲು ಸರಿಯಾಗಿ ಕೂರದಿದ್ದರೆ ನಮ್ಮ ಕಣ್ಣಿಗೇ ಕಾಣುತ್ತದೆ. ಅಟ್ಟದ ಮೂಲೆಯಲ್ಲಿ ಇನ್ಸುಲೇಶನ್ ಬಿಟ್ಟುಹೋಗಿದ್ದರೆ, ಶವರ್ ಟ್ರೇ ಕೆಳಗೆ ನೀರು ಜಿನುಗುತ್ತಿದ್ದರೆ ನಮಗೆ ಹೇಗೆ ಗೊತ್ತಾಗಬೇಕು? ಬ್ಯಾಂಕಿನವರು ಮಾಡಿಸಿದ ವ್ಯಾಲ್ಯುಯೇಶನ್ ಸಾಲಕ್ಕೆ ಮನೆ ಸಾಕಾ ಅಂತ ನೋಡುವುದಕ್ಕೆ, ಅಷ್ಟೇ.

ಹಳೇ ಮನೆಗೆ ಮಾಡಿಸುವಂಥ ಲೆವೆಲ್ 3 ಸರ್ವೆ (ಇಡೀ ಕಟ್ಟಡದ ಅತಿ ವಿವರವಾದ ತಪಾಸಣೆ) ಇದಕ್ಕೆ ಜಾಸ್ತಿಯಾಯಿತು ಅನ್ನಿಸುತ್ತದೆ. ಹೊಸ ಮನೆಯ ಕೆಲಸದಲ್ಲಿ ಉಳಿದ ದೋಷಗಳನ್ನು ಪಟ್ಟಿ ಮಾಡುವ ಸ್ನ್ಯಾಗಿಂಗ್ ಸರ್ವೆ ಸಾಕು, ಅಲ್ವಾ? ನಮ್ಮ ಬಿಲ್ಡರ್ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್‌ಗೆ (ಹೊಸ ಮನೆ ಕಟ್ಟುವವರು ಪಾಲಿಸಬೇಕಾದ ನಿಯಮಾವಳಿ) ಸೇರಿದ್ದಾರೆ. ಆ ಕೋಡ್ ಪ್ರಕಾರ ಕಂಪ್ಲೀಶನ್‌ಗೆ (ಖರೀದಿ ಮುಗಿದು ಕೀ ಸಿಗುವ ದಿನ) ಮೊದಲೇ ನಮ್ಮ ಪರವಾಗಿ ಅರ್ಹ ಇನ್ಸ್‌ಪೆಕ್ಟರ್ ಒಬ್ಬರು ಮನೆ ನೋಡಬಹುದು. ನನಗಂತೂ ಮಾಡಿಸಲೇಬೇಕು ಅನ್ನಿಸಿದೆ. ಜೀವಮಾನದ ಉಳಿತಾಯ ಇದರಲ್ಲಿದೆ. ಗಂಡನಿಗೆ ಇನ್ನೂ ಅನುಮಾನ.

ಇಲ್ಲಿ ಹೊಸ ಮನೆ ಕೊಂಡವರು ದಯವಿಟ್ಟು ತಿಳಿಸಿ. ಕೀ ಸಿಗುವ ಮೊದಲು ಮಾಡಿಸಿದಿರಾ, ಆಮೇಲಾ? ಶಾಖದ ವ್ಯತ್ಯಾಸ ತೋರಿಸುವ ಥರ್ಮಲ್ ಕ್ಯಾಮೆರಾ ಪರೀಕ್ಷೆಗೆ ಹೆಚ್ಚು ಹಣ ಕೊಟ್ಟದ್ದು ಉಪಯೋಗವಾಯಿತಾ? ಮುಖ್ಯವಾಗಿ, ವರದಿ ಕೊಟ್ಟ ಮೇಲೆ ಬಿಲ್ಡರ್ ನಿಜವಾಗಿಯೂ ಬಂದು ಸರಿಮಾಡಿದರಾ?