ಮೃಗಾಲಯದ ಪಾಂಡಾಗಳ ವಾಸನೆ ಸಂದೇಶ: ಕರುಳಿನ ಬ್ಯಾಕ್ಟೀರಿಯಾದ ಪಾಲೆಷ್ಟು?

ಚೇತನ್:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಬಹಳ ದಿನದಿಂದ ತಲೆ ಕೊರೀತಿದೆ. ದೈತ್ಯ ಪಾಂಡಾ ಒಂಟಿಯಾಗಿ ಬದುಕುವ ಪ್ರಾಣಿ. ಒಂದಕ್ಕೊಂದು ಎದುರಾಗುವುದೇ ಅಪರೂಪ. ಅದಕ್ಕೇ ಬಾಲದ ಬುಡದಲ್ಲಿರುವ ಗ್ರಂಥಿಯ ಸ್ರಾವವನ್ನು ಮರಕ್ಕೆ ಉಜ್ಜುತ್ತದೆ, ಮೂತ್ರ ಬಿಡುತ್ತದೆ. ಆಮೇಲೆ ಆ ದಾರಿಯಲ್ಲಿ ಬಂದ ಪಾಂಡಾ ಅದನ್ನು ಮೂಸಿ ಯಾರು, ಗಂಡೋ ಹೆಣ್ಣೋ, ಬೆದೆಯಲ್ಲಿದೆಯೋ ಅಂತ ತಿಳಿದುಕೊಳ್ಳುತ್ತದೆ. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಂದೇ ಸಲ. ಗರ್ಭ ನಿಲ್ಲುವ ಅವಧಿ ಒಂದರಿಂದ ಮೂರು ದಿನ ಅಷ್ಟೇ. ಸುದ್ದಿ ಮುಟ್ಟದಿದ್ದರೆ ಆ ವರ್ಷ ಹೋಯಿತು.

ನನ್ನ ವಾದ ಇಷ್ಟು. ಈ ವಾಸನೆಯನ್ನು ಪ್ರಾಣಿಯೊಂದೇ ತಯಾರಿಸುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳೂ ತಯಾರಿಸುತ್ತವೆ. ಮೃಗಾಲಯದಲ್ಲಿ ಕ್ಯಾರೆಟ್, ಸೇಬು, ಹಬೆಯಲ್ಲಿ ಬೇಯಿಸಿದ ರೊಟ್ಟಿ ಕೊಡುತ್ತಾರೆ, ಆಗಾಗ ಆಂಟಿಬಯಾಟಿಕ್ ಕೊಡುತ್ತಾರೆ. ಕರುಳಿನ ಬ್ಯಾಕ್ಟೀರಿಯಾ ಕಾಡಿನ ಪಾಂಡಾದಂತೆ ಇರಲು ಹೇಗೆ ಸಾಧ್ಯ? ಮೃಗಾಲಯದಲ್ಲಿ ಎಷ್ಟೋ ಪಾಂಡಾ ಜೋಡಿಗಳು ಕೂಡದಿರುವುದಕ್ಕೆ ಇದೇ ಕಾರಣ ಇರಬೇಕು. ಮೊದಲು ಹೊಟ್ಟೆ ಸರಿಮಾಡಬೇಕು. ನೀವೇನಂತೀರಿ?

ಪಶುವೈದ್ಯೆ ಸುಮ:
ಚೇತನ್ ಅವರೇ, ವಿಷಯ ಚೆನ್ನಾಗಿದೆ, ಆದರೆ ಕೊನೆಯ ಮಾತಿಗೆ ಬಹಳ ಬೇಗ ಹೋದಿರಿ. ಜೋಡಿ ಕೂಡದಿರುವುದಕ್ಕೆ ಇದಕ್ಕಿಂತ ಸರಳ ಕಾರಣವೊಂದಿದೆ. ಕಾಡಿನಲ್ಲಿ ಹೆಣ್ಣಿಗೂ ಗಂಡಿಗೂ ಆಯ್ಕೆ ಇರುತ್ತದೆ. ಮೃಗಾಲಯದಲ್ಲಿ ವಂಶಾವಳಿ ಪಟ್ಟಿ ನೋಡಿ ನಾವೇ ಜೋಡಿ ಗೊತ್ತು ಮಾಡುತ್ತೇವೆ. ಚೀನಾದ ಸಿಚುವಾನ್ ಪ್ರಾಂತ್ಯದ ಬಿಫೆಂಗ್‌ಶಿಯಾ ಪಾಂಡಾ ಕೇಂದ್ರದಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪರಸ್ಪರ ಮೆಚ್ಚಿಕೊಂಡ ಜೋಡಿಗಳು ಕೂಡಿ ಮರಿ ಹಾಕುವ ಸಾಧ್ಯತೆ ತುಂಬಾ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಅಲ್ಲಿ ಯಾರೂ ಹೊಟ್ಟೆಗೆ ಔಷಧಿ ಹಾಕಿರಲಿಲ್ಲ. ಬೇಲಿಯ ಆಚೆ ಈಚೆ ಬೇರೆ ಬೇರೆ ಪಾಂಡಾಗಳನ್ನು ಬಿಟ್ಟು, ಯಾರ ಕಡೆ ಯಾರು ಒಲಿಯುತ್ತಾರೆ ಅಂತ ನೋಡಿದರು, ಅಷ್ಟೇ.

ನಾಗರಾಜ್ (ಸೂಕ್ಷ್ಮಜೀವಿ ವಿಜ್ಞಾನದ ಮೇಷ್ಟ್ರು):
ಚೇತನ್ ಹೇಳಿದ್ದರಲ್ಲಿ ಅರ್ಧ ಗಟ್ಟಿ ಇದೆ. ಬ್ಯಾಕ್ಟೀರಿಯಾ ವಾಸನೆ ತಯಾರಿಸುತ್ತದೆ ಅನ್ನೋದು ಹೊಸ ಮಾತಲ್ಲ. 1970ರ ದಶಕದಲ್ಲೇ ಮಾರ್ಟಿನ್ ಗೋರ್ಮನ್ ಮತ್ತು ಜೊತೆಗಾರರು ಮುಂಗುಸಿಯ ಗುದದ ಚೀಲದ ಮೇಲೆ ಕೆಲಸ ಮಾಡಿದ್ದರು. ಆ ಚೀಲದೊಳಗಿನ ಬ್ಯಾಕ್ಟೀರಿಯಾಗಳು ಸ್ರಾವವನ್ನು ಹುದುಗಿಸಿ ಬೇಗ ಆವಿಯಾಗುವ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಅವುಗಳ ಪ್ರಮಾಣ ಒಂದೊಂದು ಮುಂಗುಸಿಯಲ್ಲಿ ಒಂದೊಂದು ಥರ. ಆ ವ್ಯತ್ಯಾಸವನ್ನು ಮುಂಗುಸಿಗಳು ಗುರುತಿಸಬಲ್ಲವು. ಒಂದೇ ಹಾಲಿಗೆ ಎರಡು ಮನೆಯ ಹೆಪ್ಪು ಹಾಕಿದರೆ ಎರಡು ರುಚಿಯ ಮೊಸರಾಗುತ್ತದಲ್ಲ, ಹಾಗೆ. 2013ರಲ್ಲಿ ಕೆವಿನ್ ಥೀಸ್ ತಂಡ ಕೀನ್ಯಾದ ಕತ್ತೆಕಿರುಬಗಳಲ್ಲಿ ಇಂಥದ್ದನ್ನೇ ತೋರಿಸಿತು. ಚುಕ್ಕೆ ಕತ್ತೆಕಿರುಬದಲ್ಲಿ ಲಿಂಗ ಬೇರೆಯಾದರೆ, ಹೆಣ್ಣು ಬಸುರಿಯಾದರೆ ಅಥವಾ ಹಾಲೂಡಿಸುತ್ತಿದ್ದರೆ, ಚೀಲದ ಬ್ಯಾಕ್ಟೀರಿಯಾ ಸಮೂಹವೂ ವಾಸನೆಯೂ ಬದಲಾಗುತ್ತವೆ.

ಇವೆರಡರಲ್ಲೂ ಕೆಲಸ ನಡೆದಿರುವುದು ಗ್ರಂಥಿಯ ಚೀಲದಲ್ಲಿ, ಕರುಳಿನಲ್ಲಲ್ಲ. ಜಾಗ ಪಕ್ಕದಲ್ಲೇ ಇದೆ, ಆದರೆ ಎರಡೂ ಒಂದೇ ಅಲ್ಲ. ಈ ವ್ಯತ್ಯಾಸ ಬಿಟ್ಟರೆ ಇಡೀ ಚರ್ಚೆ ದಾರಿ ತಪ್ಪುತ್ತದೆ.

ಚೇತನ್:
ನಾಗರಾಜ್ ಸರ್, ಪಕ್ಕದಲ್ಲೇ ಇದ್ದಮೇಲೆ ಕರುಳಿನ ಬ್ಯಾಕ್ಟೀರಿಯಾ ಗ್ರಂಥಿಗೂ ಹೋಗಬಹುದಲ್ವಾ? ಪಾಂಡಾ ದಿನಕ್ಕೆ 12 ಕಿಲೋದಿಂದ 38 ಕಿಲೋವರೆಗೆ ಬಿದಿರು ತಿನ್ನುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಐದನೇ ಒಂದು ಭಾಗವೂ ಸರಿಯಾಗಿ ಅರಗುವುದಿಲ್ಲ. ದಿನವಿಡೀ ಲದ್ದಿ ಹಾಕುತ್ತಲೇ ಇರುತ್ತದೆ. ಆ ಜಾಗ ಯಾವಾಗಲೂ ಕರುಳಿನ ಸೂಕ್ಷ್ಮಜೀವಿಗಳಿಂದ ತುಂಬಿರುತ್ತದೆ.

ನಾಗರಾಜ್:
ಹೋಗಬಹುದು. ಬೀಜ ಅಲ್ಲಿಂದ ಬಿದ್ದಿರಬಹುದು. ಬೆಳೆಯುವುದು ಮಾತ್ರ ಗ್ರಂಥಿಯ ಕೊಬ್ಬು, ಗಾಳಿ, ತೇವಕ್ಕೆ ಒಗ್ಗಿದ್ದೇ.

ಕರುಳಿನ ಕಥೆಯನ್ನೂ ಹೇಳಿಬಿಡುತ್ತೇನೆ. ಪಾಂಡಾ ಹುಟ್ಟಾ ಮಾಂಸಾಹಾರಿ ಗುಂಪಿನದು, ಕರಡಿ ಕುಟುಂಬದ್ದು. ಹಸು, ಕುದುರೆಗಳಿಗೆ ಇರುವಂಥ ಹುದುಗು ಚೀಲ ಅದಕ್ಕಿಲ್ಲ. 2010ರಲ್ಲಿ ಪಾಂಡಾದ ಜೀನೋಮ್ (ಎಲ್ಲ ಜೀನ್‌ಗಳ ಪೂರ್ತಿ ಪಟ್ಟಿ) ಪ್ರಕಟವಾದಾಗ ನಾರನ್ನು ಒಡೆಯುವ ಜೀನ್‌ಗಳು ಅದರಲ್ಲಿ ಸಿಗಲಿಲ್ಲ. ಹಾಗಾದರೆ ಬ್ಯಾಕ್ಟೀರಿಯಾಗಳೇ ಒಡೆಯುತ್ತಿರಬೇಕು ಅಂತ ಎಲ್ಲರೂ ಅಂದುಕೊಂಡರು. 2011ರಲ್ಲಿ ಚೀನಾದ ವಿಜ್ಞಾನಿ ವೇಯ್ ಫುವೆನ್ ತಂಡಕ್ಕೆ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾ ಗುಂಪಿನಲ್ಲಿ ಅದರ ಸುಳಿವು ಸಿಕ್ಕಿತು. ಆದರೆ 2015ರಲ್ಲಿ ಚೆಂಗ್ಡು ಕೇಂದ್ರದ 45 ಪಾಂಡಾಗಳ ಲದ್ದಿ ಪರೀಕ್ಷೆ ಮಾಡಿದಾಗ ಎಶೆರಿಕಿಯಾ, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳದ್ದೇ ಕಾರುಬಾರು. ಸಸ್ಯಾಹಾರಿಗಳಲ್ಲಿ ನಾರು ಒಡೆಯುವ ರುಮಿನೋಕಾಕೇಸಿ, ಬ್ಯಾಕ್ಟೀರಾಯ್ಡಿಸ್ ಬಹಳ ಕಮ್ಮಿ. ಇನ್ನೂ ಮಾಂಸಾಹಾರಿಯ ಕರುಳೇ ಅದು.

ರಶ್ಮಿ, ಸಿಂಗಾಪುರ:
ನಾನು ವಿಜ್ಞಾನಿಯಲ್ಲ, ಆದರೆ ಇಲ್ಲಿಯ ರಿವರ್ ವಂಡರ್ಸ್ ಮೃಗಾಲಯದಲ್ಲಿ ಕೈ ಕೈ, ಜಿಯಾ ಜಿಯಾ ಜೋಡಿಯನ್ನು ನೋಡಿದ್ದೇನೆ. ಅವು ಬಂದಿದ್ದು 2012ರಲ್ಲಿ. ಎಷ್ಟೋ ವರ್ಷ ಮರಿಯಾಗಲಿಲ್ಲ. ಕೊನೆಗೆ ಕೃತಕ ಗರ್ಭಧಾರಣೆಯಿಂದ 2021ರ ಆಗಸ್ಟ್‌ನಲ್ಲಿ ಲೆ ಲೆ ಹುಟ್ಟಿತು. ಹಾಂಗ್‌ಕಾಂಗ್‌ನ ಓಷನ್ ಪಾರ್ಕ್‌ನಲ್ಲಿ ಅದಕ್ಕೆ ಉಲ್ಟಾ. ಹತ್ತು ವರ್ಷ ಕೂಡದಿದ್ದ ಯಿಂಗ್ ಯಿಂಗ್ ಮತ್ತು ಅಲ್ಲಿಯ ಗಂಡು ಲೆ ಲೆ 2020ರ ಏಪ್ರಿಲ್‌ನಲ್ಲಿ ತಾವಾಗಿಯೇ ಕೂಡಿದವು. ಆಗ ಕೋವಿಡ್ ಕಾರಣಕ್ಕೆ ಪಾರ್ಕ್‌ಗೆ ಜನರಿಗೆ ಪ್ರವೇಶವೇ ಇರಲಿಲ್ಲ. ಇದರಲ್ಲಿ ಬ್ಯಾಕ್ಟೀರಿಯಾ ಎಲ್ಲಿ ಬಂತು?

ಪಶುವೈದ್ಯೆ ಸುಮ:
ರಶ್ಮಿ ಅವರೇ, ಒಂದು ಜೋಡಿಯಿಂದ ಏನೂ ತೀರ್ಮಾನ ಆಗಲ್ಲ, ಜನ ಇಲ್ಲದ್ದೇ ಕಾರಣ ಅಂತಲೂ ಹೇಳಲಾಗದು. ಆದರೆ ನಿಮ್ಮ ಪ್ರಶ್ನೆ ಸರಿ. ವಾಸನೆ ಗುರುತು ಹಾಕುವ ಪಾಂಡಾವನ್ನು ಒಮ್ಮೆ ಗಮನವಿಟ್ಟು ನೋಡಿ. ಹೆಚ್ಚಿನ ಸಲ ಕುಕ್ಕರಗಾಲಿನಲ್ಲಿ ಕೂತು ಉಜ್ಜುತ್ತದೆ. ಕೆಲವೊಮ್ಮೆ ಮರಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತದೆ, ನಾಯಿಯಂತೆ ಒಂದು ಕಾಲೂ ಎತ್ತುತ್ತದೆ. ಗಂಡಾದರೆ ಮುಂಗೈ ನೆಲಕ್ಕೆ ಊರಿ, ಹಿಂಗಾಲನ್ನು ಕಾಂಡದ ಮೇಲೆ ಹಿಮ್ಮುಖವಾಗಿ ಹತ್ತಿಸುತ್ತಾ ಹೋಗಿ, ತಲೆಕೆಳಗಾಗಿ ನಿಂತು ಎತ್ತರದಲ್ಲಿ ಮೂತ್ರ ಬಿಡುತ್ತದೆ. ನೂರು ಕಿಲೋ ಮೈ ಅದು! ಚೀನಾದ ವೊಲಾಂಗ್ ಪಾಂಡಾ ಕೇಂದ್ರದಲ್ಲಿ ವಿಜ್ಞಾನಿ ರೊನಾಲ್ಡ್ ಸ್ವೈಸ್‌ಗುಡ್ ಮತ್ತು ಸಂಗಡಿಗರು ಈ ಎತ್ತರದ ಲೆಕ್ಕವನ್ನೇ ಪರೀಕ್ಷೆ ಮಾಡಿದರು. ಎತ್ತರದ ಗುರುತು ಕಂಡರೆ ಎಳೆ ಗಂಡುಗಳು ದೂರ ಸರಿಯುತ್ತವೆ. ಹಾಗಾಗಿ ರಾಸಾಯನಿಕದ ಜೊತೆಗೆ ಅದನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಹಾಕಿದೆ ಅನ್ನುವುದೂ ಸುದ್ದಿಯೇ. ಸಿಮೆಂಟ್ ಗೋಡೆಯ ಆವರಣದಲ್ಲಿ ದಪ್ಪ ಮರವೇ ಇಲ್ಲದಿದ್ದರೆ ಆ ಸುದ್ದಿ ಎಲ್ಲಿ ಬರೆಯಬೇಕು? ದಿನಾ ಬೆಳಿಗ್ಗೆ ಪೈಪಿನಲ್ಲಿ ನೀರು ಬಿಟ್ಟು ತೊಳೆದರೆ ಬರೆದದ್ದೂ ಹೋಯಿತು. ನನಗೆ ಕರುಳಿಗಿಂತ ಮೊದಲು ಈ ತೊಳೆಯುವುದರ ಚಿಂತೆ.

ಚೇತನ್:
ಸುಮ ಮೇಡಂ, ಗುರುತು ತೊಳೆದು ಹೋಗುವ ವಿಷಯ ನನಗೆ ಹೊಳೆದೇ ಇರಲಿಲ್ಲ, ಒಪ್ಪುತ್ತೇನೆ. ಆದರೆ ಕರುಳಿನಿಂದ ವಾಸನೆಗೆ ದಾರಿಯೇ ಇಲ್ಲವಾ?

ನಾಗರಾಜ್:
ದಾರಿ ಇದೆ, ಅದು ಮೂತ್ರದ ಮೂಲಕ. ಗ್ರಂಥಿಗೆ ರಕ್ತದ ಮೂಲಕ ಹೋಗುವುದು ಕಷ್ಟ. ಕರುಳಿನಲ್ಲೂ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್, ಪ್ರೊಪಿಯೊನೇಟ್‌ನಂಥ ಕೊಬ್ಬಿನಾಮ್ಲ ತಯಾರಿಸುತ್ತವೆ. ಆದರೆ ಬ್ಯುಟಿರೇಟ್‌ನ ಬಹುಪಾಲನ್ನು ಕರುಳಿನ ಗೋಡೆಯ ಕೋಶಗಳೇ ಉರಿಸಿಕೊಳ್ಳುತ್ತವೆ. ಪ್ರೊಪಿಯೊನೇಟ್ ಯಕೃತ್ತಿನಲ್ಲಿ ಖರ್ಚಾಗುತ್ತದೆ. ಆದರೆ ಸಸ್ಯಗಳಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳನ್ನೂ ಪ್ರೋಟೀನನ್ನೂ ಬ್ಯಾಕ್ಟೀರಿಯಾ ಒಡೆದಾಗ ಅದರಿಂದ ಹುಟ್ಟುವ ಹಿಪ್ಪುರೇಟ್, ಕ್ರೆಸಾಲ್‌ನಂಥವು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತವೆ. ಇದು ಸಸ್ತನಿಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ.

ನಿಮ್ಮ ವಾದಕ್ಕೆ ಒಳ್ಳೆಯ ಬೆಂಬಲ ಇಲಿಯಿಂದ ಸಿಗುತ್ತದೆ. ಇಲಿಯ ಕರುಳಿನ ಬ್ಯಾಕ್ಟೀರಿಯಾ ಆಹಾರದಲ್ಲಿರುವ ಕೋಲಿನ್ ಎಂಬ ಪೋಷಕಾಂಶದಿಂದ ಟ್ರೈಮೀಥೈಲಮೈನ್ ಎಂಬ ವಾಸನೆಯ ರಾಸಾಯನಿಕ ಮಾಡುತ್ತದೆ. ಅದು ಗಂಡಿಲಿಯ ಮೂತ್ರದಲ್ಲಿ ಬಂದು ಇತರ ಇಲಿಗಳನ್ನು ಸೆಳೆಯುತ್ತದೆ. 2013ರ ಒಂದು ಪ್ರಯೋಗದಲ್ಲಿ ಆಂಟಿಬಯಾಟಿಕ್ ಕೊಟ್ಟಾಗ ಆ ವಾಸನೆ ಬಿದ್ದುಹೋಯಿತು. ಇಂಥ ನೇರ ಪ್ರಯೋಗ ಇದ್ದರೆ ಮಾತ್ರ ಕಾರಣ ಅನ್ನಬಹುದು. ಕತ್ತೆಕಿರುಬದಲ್ಲಿ ಬ್ಯಾಕ್ಟೀರಿಯಾ, ವಾಸನೆ ಎರಡೂ ಜೊತೆಗೆ ಬದಲಾದವು ಅಂತ ಗೊತ್ತು, ಯಾವುದರಿಂದ ಯಾವುದು ಅಂತ ಅಲ್ಲ.

ಮಂಜುಳಾ ಭಟ್:
ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ಅನುಮಾನ. ಪಾಂಡಾ ಕರುಳು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 2022ರಲ್ಲಿ ಪ್ರಕಟವಾದ ಕೆಲಸದಲ್ಲಿ ಚೀನಾದ ಚಿನ್‌ಲಿಂಗ್ ಬೆಟ್ಟದ ಕಾಡು ಪಾಂಡಾಗಳ ಕರುಳಿನಲ್ಲಿ ಬಿದಿರಿನ ಎಲೆ ತಿನ್ನುವ ಕಾಲಕ್ಕಿಂತ ಚಿಗುರು ತಿನ್ನುವ ಕಾಲದಲ್ಲಿ ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ ಬ್ಯಾಕ್ಟೀರಿಯಾ ಜಾಸ್ತಿ ಆಗುತ್ತದೆ, ಮೈಯಲ್ಲಿ ಕೊಬ್ಬು ಕೂಡುತ್ತದೆ ಅಂತ ತೋರಿಸಿದ್ದಾರೆ. ವಾಸನೆಗೆ ಕರುಳೇ ಮೂಲವಾದರೆ, ಊಟ ಬದಲಾದಾಗಲೆಲ್ಲ ವಾಸನೆ ಬದಲಾಗಬೇಕು. ಆಗ ಇದು ಇಂಥ ಪಾಂಡಾ ಅಂತ ಗುರುತು ಉಳಿಯುವುದು ಹೇಗೆ? ಆದರೆ ಅವು ಗುರುತು ಹಿಡಿಯುತ್ತವೆ, ಅದಂತೂ ಪರೀಕ್ಷೆಯಾಗಿದೆ.

ನಾಗರಾಜ್:
ಮಂಜುಳಾ ಅವರೇ, ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ. ನನ್ನ ಊಹೆ ಹೇಳುತ್ತೇನೆ, ಊಹೆ ಅಂತಲೇ ತಗೊಳ್ಳಿ. ಒಂದು ಗುರುತಿನಲ್ಲೇ ಹಲವು ಪದರಗಳಿರಬಹುದು. ಗ್ರಂಥಿಯ ಮೇಣದಂಥ ಭಾರದ ಅಣುಗಳು ಮರದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಯಾರು ಅನ್ನುವುದನ್ನು ಹೇಳಲು ಅವು ಸಾಕು. ಮೂತ್ರದ ಹಗುರ ಅಣುಗಳು ಬೇಗ ಹಾರಿಹೋಗುತ್ತವೆ. ಬೆದೆ ಬಂದಿದೆ, ಈಗಷ್ಟೇ ಹೋದೆ ಅಂತ ಹೇಳಲು ಅವು ಬೇಕು. ಊಟ ಮತ್ತು ಕರುಳು ಎರಡನೆಯದನ್ನು ಮುಟ್ಟಬಹುದು, ಮೊದಲನೆಯದನ್ನು ಹೆಚ್ಚು ಮುಟ್ಟಲಿಕ್ಕಿಲ್ಲ.

ಚೇತನ್:
ಹಾಗಾದರೆ ಮೃಗಾಲಯದಲ್ಲಿ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ) ಕೊಟ್ಟು ನೋಡುವುದರಲ್ಲಿ ತಪ್ಪೇನು? ಕಾಡು ಪಾಂಡಾದ ಲದ್ದಿಯನ್ನೇ ಕೊಡಬಹುದು.

ಪಶುವೈದ್ಯೆ ಸುಮ:
ತಪ್ಪಿದೆ. ಕಾಡಿನ ಲದ್ದಿಯ ಜೊತೆ ಪರಾವಲಂಬಿ ಹುಳುಗಳೂ ಬರಬಹುದು. ಸಾಕಿದ ಪಾಂಡಾಕ್ಕೆ ಹೊಟ್ಟೆ ಕೆಟ್ಟರೆ ಪಾಪ, ಲೋಳೆ ಹಾಕಿಕೊಂಡು ಊಟ ಬಿಟ್ಟು ಮೂಲೆ ಸೇರಿಬಿಡುತ್ತದೆ. ಬೆದೆಯ ತಿಂಗಳಲ್ಲಿ ಇಂಥ ಪ್ರಯೋಗ ನಾನಂತೂ ಒಪ್ಪುವುದಿಲ್ಲ. ಅನಗತ್ಯ ಆಂಟಿಬಯಾಟಿಕ್ ಕಡಿಮೆ ಮಾಡಿ, ರೊಟ್ಟಿ ಕಡಿಮೆ ಮಾಡಿ, ಬಗೆಬಗೆಯ ಬಿದಿರು ಕೊಡಿ. ಇದಕ್ಕೆ ವಾಸನೆಯ ಸಿದ್ಧಾಂತವೇ ಬೇಡ, ಪ್ರಾಣಿಯ ಆರೋಗ್ಯಕ್ಕೇ ಒಳ್ಳೆಯದು.

ಮಂಜುಳಾ ಭಟ್:
ಪ್ರಯೋಗ ಮಾಡಲೇಬೇಕಾದರೆ ಲದ್ದಿ, ಮೂತ್ರ, ಗ್ರಂಥಿಯ ಸ್ರಾವ ಮೂರನ್ನೂ ಒಂದೇ ಪಾಂಡಾದಿಂದ ಒಂದೇ ದಿನ ತೆಗೆಯಲಿ, ವರ್ಷವಿಡೀ. ಕಾಯಿಲೆಗೆ ಹೇಗೂ ಆಂಟಿಬಯಾಟಿಕ್ ಕೊಡಬೇಕಾಗಿ ಬಂದಾಗ ಮುಂಚೆ ಮತ್ತು ಆಮೇಲಿನ ಮಾದರಿ ಇಡಲಿ. ಆಮೇಲೆ ಎರಡನ್ನೂ ಬೇರೆ ಪಾಂಡಾದ ಮೂಗಿನ ಮುಂದೆ ಹಿಡಿಯಲಿ. ಯಂತ್ರಕ್ಕೆ ವ್ಯತ್ಯಾಸ ಕಂಡರೆ ಸಾಲದು, ಪಾಂಡಾಕ್ಕೆ ಕಾಣಬೇಕು.

ಪಶುವೈದ್ಯೆ ಸುಮ:
ಇದು ಮಾಡಬಹುದಾದ ಕೆಲಸ, ಪ್ರಾಣಿಗೂ ತೊಂದರೆಯಿಲ್ಲ. ಜೊತೆಗೆ ಆವರಣ ತೊಳೆದ ದಿನಾಂಕವನ್ನೂ ಬರೆದಿಡಲಿ. ಇಲ್ಲದಿದ್ದರೆ ಗುರುತು ಹಾಕುವುದು ಯಾಕೆ ಹೆಚ್ಚಾಯಿತು, ಯಾಕೆ ಕಡಿಮೆಯಾಯಿತು ಅಂತ ಗೊತ್ತಾಗುವುದಿಲ್ಲ.