ವಿದ್ಯುತ್ ಲೈನಿಲ್ಲದ ಹೊಲದ ಬೋರಿಗೆ ಸಬ್‌ಮರ್ಸಿಬಲ್ ಮೋಟರನ್ನು ನಾವೇ ಇಳಿಸಬಹುದೇ?

ಪ್ರಶ್ನೆ: ಹಿರಿಯೂರು ತಾಲ್ಲೂಕಿನ ರೈತ

ಎಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲವಿದ್ದು, ಅರ್ಧ ಭಾಗಕ್ಕೆ ಡ್ರಿಪ್ ಹಾಕಿ ದಾಳಿಂಬೆ ಬೆಳೆಸಬೇಕೆಂದೂ ಅಲ್ಲಿಯೇ ಒಂದು ಸಣ್ಣ ಮನೆ ಕಟ್ಟಿಕೊಳ್ಳಬೇಕೆಂದೂ ಯೋಚಿಸಿದ್ದೇವೆ. ಹತ್ತಿರದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಒಂದು ಕಿಲೋಮೀಟರಿಗಿಂತ ದೂರದಲ್ಲಿದೆ. ಕಂಬ ನೆಡಿಸಿ ಲೈನ್ ಎಳೆಸುವ ಖರ್ಚು ನಮ್ಮ ಕೈಗೆಟುಕುವಂತಿಲ್ಲವಾದ್ದರಿಂದ ಸೋಲಾರ್‌ನಿಂದಲೇ ನೀರೆತ್ತಲು ತೀರ್ಮಾನಿಸಿದ್ದೇವೆ.

ಬೋರು ಆರೂವರೆ ಇಂಚಿನದು, ಆಳ 480 ಅಡಿ. ಮೇಲಿನ 60 ಅಡಿಗೆ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಹಾಕಿದೆ. ಕೊರೆಯುವಾಗ 210 ಅಡಿಯಲ್ಲಿ ಒಂದು ಗ್ಯಾಪ್ (ನೀರು ಬರುವ ಕಲ್ಲಿನ ಬಿರುಕು), 390 ಅಡಿಯಲ್ಲಿ ಇನ್ನೊಂದು ಗ್ಯಾಪ್ ಸಿಕ್ಕಿತು. ಒಂದೂವರೆ ಇಂಚು ನೀರಿದೆ ಎಂದು ಬೋರು ಕೊರೆದ ಲಾರಿಯವರು ತಮ್ಮ ಅಂದಾಜಿನ ಅಳತೆ ಹೇಳಿ ಹೋದರು. ಅಂಗಡಿಯಲ್ಲಿ ವಿಚಾರಿಸಿದರೆ ಕಣ್ಣು ಮುಚ್ಚಿಕೊಂಡು 5 ಎಚ್.ಪಿ. ಬಿಡಿ ಎನ್ನುತ್ತಾರೆ. ಮೋಟರ್ ಬಿಡುವವರನ್ನು ಕರೆಸಿದರೆ ಗಾಡಿಯ ಬಾಡಿಗೆ, ಕೂಲಿ ಎಲ್ಲ ಸೇರಿ ದೊಡ್ಡ ಮೊತ್ತವೇ ಆಗುತ್ತದೆ. ನಾನು, ನನ್ನ ತಮ್ಮ ಮತ್ತು ಊರಿನ ನಾಲ್ಕೈದು ಜನ ಸೇರಿ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ? ಎಷ್ಟು ಎಚ್.ಪಿ. ಮೋಟರ್, ಯಾವ ಪೈಪು, ಯಾವ ಕೇಬಲ್ ಸರಿಹೊಂದುತ್ತದೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಳಲ್ಕೆರೆಯಿಂದ

ಅಣ್ಣನವರೇ, ಮೋಟರ್ ಇಳಿಸುವುದನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ಅದಕ್ಕಿಂತ ಮೊದಲು ತಿಳಿದಿರಲೇಬೇಕಾದ ಎರಡು ಅಂಕಿಗಳು ನಿಮ್ಮ ಬರಹದಲ್ಲಿ ಇಲ್ಲ. ಬೋರಿನಲ್ಲಿ ಈಗ ನೀರು ಎಷ್ಟು ಅಡಿಯಲ್ಲಿ ನಿಂತಿದೆ ಎಂಬುದು ಒಂದು, ಎಡೆಬಿಡದೆ ಕೆಲವು ತಾಸು ಎತ್ತಿದಾಗ ಅದು ಎಷ್ಟು ಅಡಿಗೆ ಇಳಿದು ನಿಲ್ಲುತ್ತದೆ ಎಂಬುದು ಇನ್ನೊಂದು. ಇವೆರಡು ಗೊತ್ತಿಲ್ಲದೆ ಯಾರು ಎಚ್.ಪಿ. ಹೇಳಿದರೂ ಅದು ಬರೀ ಅಂದಾಜೇ ಆಗಿರುತ್ತದೆ.

ಲಾರಿಯವರು ಹೇಳುವ ಇಂಚನ್ನು ನಂಬಿ ದುಡ್ಡು ಹಾಕಬೇಡಿ. ಕಂಪ್ರೆಸರ್ ಗಾಳಿಗೆ ಬೋರಿನಲ್ಲಿ ತುಂಬಿಕೊಂಡಿದ್ದ ನೀರೆಲ್ಲ ಒಮ್ಮೆಗೇ ಚಿಮ್ಮುತ್ತದೆ. ನಮ್ಮ ಕಡೆಯ ಗಟ್ಟಿ ಕಲ್ಲು ತನ್ನೊಳಗೆ ನೀರು ಹಿಡಿದಿಡುವುದಿಲ್ಲ, ಇರುವ ನೀರೆಲ್ಲ ಬಿರುಕುಗಳಲ್ಲೇ ಇರುತ್ತದೆ. ಆದ್ದರಿಂದ ಆ ಗ್ಯಾಪಿಗೆ ಹಿಂದಿನಿಂದ ಎಷ್ಟು ನೀರು ಬಂದು ಸೇರುತ್ತದೆ ಎಂಬುದು ನಿಧಾನವಾಗಿ, ತಾಸುಗಟ್ಟಲೆ ಎತ್ತಿ ನೋಡಿದಾಗ ಮಾತ್ರ ತಿಳಿಯುತ್ತದೆ. ಬಾಡಿಗೆಗೆ ಒಂದು ಮೋಟರ್ ಮತ್ತು ಜನರೇಟರ್ ತಂದು, ಹೊರಬರುವ ನೀರನ್ನು 200 ಲೀಟರಿನ ಡ್ರಮ್ಮಿಗೆ ಹಿಡಿದು, ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂದು ಬರೆದುಕೊಳ್ಳಿ. ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ಆಗಾಗ ನೀರಿನ ಮಟ್ಟವನ್ನೂ ಅಳೆಯಿರಿ. ಈ ಪರೀಕ್ಷೆಗೆ ಆಗುವ ಖರ್ಚು ಸುಟ್ಟ ಮೋಟರಿನ ಒಂದು ರೀವೈಂಡಿಂಗ್ ಖರ್ಚಿಗಿಂತ ಹೆಚ್ಚೇನಾಗದು.

ಬೋರು ಕೊಡುವುದಕ್ಕಿಂತ ಹೆಚ್ಚು ಎಳೆಯುವ ಮೋಟರ್ ಬಿಟ್ಟರೆ ನೀರು ತಳ ಕಂಡು ಪಂಪು ಒಣಗಿ ಓಡುತ್ತದೆ. ಪಂಪಿನ ಬುಷ್‌ಗಳಿಗೆ ನೀರೇ ಎಣ್ಣೆಯ ಕೆಲಸ ಮಾಡುವುದರಿಂದ ಡ್ರೈ ರನ್ ಆದ ಕೆಲವೇ ನಿಮಿಷಗಳಲ್ಲಿ ಅವು ಸವೆದುಹೋಗುತ್ತವೆ. ದೊಡ್ಡ ಮೋಟರ್ ಬಿಟ್ಟಮಾತ್ರಕ್ಕೆ ಹೆಚ್ಚು ನೀರು ಬರುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ರೈತರನ್ನು ಸಾಲಕ್ಕೆ ದೂಡಿರುವ ನಂಬಿಕೆಯಾಗಿದೆ.

ಉತ್ತರ: ಜಗಳೂರಿನಿಂದ

ಇಳಿಸುವ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಊರಿನಲ್ಲಿ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನ ಮೇಲೆ ಇಳಿಸುವ ಮೋಟರುಗಳನ್ನು ಹೆಚ್ಚಾಗಿ ಮನೆಯವರೇ ಇಳಿಸಿಕೊಳ್ಳುತ್ತಾರೆ. ಸುರುಳಿಯಲ್ಲಿ ಬರುವ ಪೈಪನ್ನು ಹಿಂದಿನ ದಿನವೇ ಹೊಲದಲ್ಲಿ ಉದ್ದಕ್ಕೆ ಬಿಚ್ಚಿ ಬಿಸಿಲಿಗೆ ಹಾಕಿದರೆ ಅದರ ಬಾಗು ಬಿಡುತ್ತದೆ. ಪಂಪು ಕೂಡಿಸಿದ ಮೇಲೆ ಪೈಪಿನ ಪಕ್ಕದಲ್ಲೇ ಕೇಬಲ್ ಹಾಸಿ, ಹತ್ತು ಅಡಿಗೊಂದರಂತೆ ಎರಡನ್ನೂ ಸೇರಿಸಿ ಕಟ್ಟಬೇಕು. ಕಟ್ಟು ಬಿಗಿಯಾಗಿರಬೇಕು, ಆದರೆ ಎರಡು ಕಟ್ಟುಗಳ ನಡುವೆ ಕೇಬಲ್ ತುಸು ಸಡಿಲವಾಗಿರಬೇಕು. ಭಾರ ಬಿದ್ದಾಗ ಪೈಪು ಹಿಗ್ಗುತ್ತದೆ, ಕೇಬಲ್ ಹಿಗ್ಗುವುದಿಲ್ಲ.

ಮೋಟರಿಗೆ ದಪ್ಪ ನೈಲಾನ್ ಹಗ್ಗವನ್ನು ಬೇರೆಯಾಗಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಭದ್ರವಾಗಿ ಹೂತ ಗೂಟಕ್ಕೆ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಿ. ಭಾರವೆಲ್ಲ ಪೈಪು ಮತ್ತು ಹಗ್ಗದ ಮೇಲೆ ಇರಬೇಕೇ ಹೊರತು ಕೇಬಲನ್ನು ಹಿಡಿದು ಯಾರೂ ಜಗ್ಗಬಾರದು. ಕೇಸಿಂಗಿನ ಬಾಯಿಯ ಅಂಚು ಚೂಪಾಗಿರುತ್ತದೆ. ಅದರ ಮೇಲೆ ಮಡಿಸಿದ ಗೋಣಿಚೀಲ ಹಾಕದಿದ್ದರೆ ಕೇಬಲಿನ ಸಿಪ್ಪೆ ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದಷ್ಟು ಕೊಯ್ದುಕೊಂಡು, ನೀರಿಗೆ ಇಳಿದ ಮೇಲೆ ಕರೆಂಟ್ ಸೋರಲು ಶುರುವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾಗಿರುವುದು ಮೋಟರಿನ ವೈರಿಗೂ ಕೇಬಲಿಗೂ ಹಾಕುವ ಜಾಯಿಂಟಿಗೆ. ಮೂರು ಎಳೆಗಳ ಜಾಯಿಂಟ್ ಒಂದೇ ಸಾಲಿಗೆ ಬರದಂತೆ ಒಂದನ್ನು ಉದ್ದ, ಒಂದನ್ನು ಮಧ್ಯಮ, ಒಂದನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳಿ. ತಾಮ್ರವನ್ನು ಹೊಳೆಯುವಂತೆ ಉಜ್ಜಿ, ತೋಳು (ಎರಡು ತುದಿ ಸೇರಿಸುವ ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿ ಅಥವಾ ಬೆಸುಗೆ ಹಾಕಿ, ಮೊದಲು ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತಾ ಒಂದರ ಮೇಲೊಂದು ಅರ್ಧ ಕೂರುವಂತೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್ ಸುತ್ತಿ. ಕೈಯಲ್ಲಿ ಎಣ್ಣೆ, ಬೆವರು ಇರಬಾರದು. ಆ ಜಾಯಿಂಟನ್ನು ರಾತ್ರಿಯಿಡೀ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಮೆಗ್ಗರ್ (ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನೋಡಿಸಿ. ಹೊಸ ಮೋಟರ್, ಹೊಸ ಕೇಬಲ್ ಆಗಿದ್ದರೆ ಮೆಗ್ಗರ್ ಹತ್ತಾರು ಮೆಗಾಓಮ್ ತೋರಿಸಬೇಕು. ಒಂದೆರಡಕ್ಕೆ ಬಂದು ನಿಂತರೆ ಮತ್ತೆ ಬಿಚ್ಚಿ ಹಾಕಿ. ಮೋಟರ್ ನೀರು ತುಂಬುವ ಬಗೆಯದಾಗಿದ್ದರೆ ಅದರ ಬಿರಡೆ ತೆಗೆದು ಗುಳ್ಳೆ ಬರುವುದು ನಿಲ್ಲುವವರೆಗೆ ಶುದ್ಧ ನೀರು ತುಂಬುವುದನ್ನು ಮರೆಯಬಾರದು.

ಕೆಲಸ ನಡೆಯುವಾಗ ಮಕ್ಕಳನ್ನು ಬೋರಿನ ಹತ್ತಿರ ಬಿಡಬೇಡಿ. ಊಟಕ್ಕೆಂದು ಎದ್ದು ಹೋಗುವಾಗಲೂ ಬಾಯಿ ಮುಚ್ಚಿಯೇ ಹೋಗಿ. ತೆರೆದ ಕೊಳವೆಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಮಾರ್ಗಸೂಚಿ ಹೊರಡಿಸಿದ ಮೇಲೂ ಎಳೆಯ ಮಕ್ಕಳು ಬಿದ್ದ ಸುದ್ದಿಗಳು ನಿಂತಿಲ್ಲ.

ಉತ್ತರ: ಚನ್ನಗಿರಿಯಿಂದ

ಜಗಳೂರಿನವರು ಹೇಳಿದ್ದೆಲ್ಲ ಸರಿ, ಆದರೆ ಅವರು ಇಳಿಸುವುದನ್ನು ಮಾತ್ರ ಹೇಳಿದ್ದಾರೆ. ಮೋಟರನ್ನು ಒಂದಲ್ಲ ಒಂದು ದಿನ ಎತ್ತಲೇಬೇಕಾಗುತ್ತದೆ, ಎತ್ತುವುದು ಇಳಿಸುವುದಕ್ಕಿಂತ ಕಷ್ಟ. ಇಳಿಸುವಾಗ ಪೈಪಿನೊಳಗೆ ಬೋರಿನ ನೀರಿನ ಮಟ್ಟದವರೆಗೆ ಮಾತ್ರ ನೀರಿರುತ್ತದೆ. ಎತ್ತುವಾಗ ಪಂಪಿನ ವಾಲ್ವು ನೀರನ್ನು ಕೆಳಗೆ ಬಿಡುವುದಿಲ್ಲವಾದ್ದರಿಂದ ತುಂಬಿದ ಪೈಪನ್ನೇ ಎಳೆಯಬೇಕಾಗುತ್ತದೆ. ಒಂದೂಕಾಲು ಇಂಚಿನ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪು 110 ಮೀಟರ್ ಆದರೆ ಪೈಪು, ನೀರು, ಮೋಟರ್ ಎಲ್ಲ ಸೇರಿ ಅರ್ಧ ಟನ್ನಿನ ಹತ್ತಿರ ಬರುತ್ತದೆ. ಅದಕ್ಕೆ ಮುಕ್ಕಾಲಿ, ಚೈನ್ ಪುಲ್ಲಿ, ಎರಡು ಜೊತೆ ಕ್ಲಾಂಪು ಮತ್ತು ಪಳಗಿದ ಕೈ ಬೇಕು. ನಾನು ಅಡಿಕೆ ತೋಟಕ್ಕೆ ಇಂದಿಗೂ ಜಿಐ ಪೈಪನ್ನೇ ಬಳಸುತ್ತೇನೆ, ಏಕೆಂದರೆ ಆಳದ ಬೋರಿಗೆ ಅದರಷ್ಟು ನೆಚ್ಚಿಕೆಯ ಪೈಪು ಇಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ನಾನೇ ಇಳಿಸುವುದಿಲ್ಲ, ಕೆಲಸದವರನ್ನೇ ಕರೆಸುತ್ತೇನೆ. ನೀವೇ ಮಾಡುವುದಾದರೆ ಎಚ್‌ಡಿಪಿಇಯೇ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹೊಳಲ್ಕೆರೆಯ ಅಣ್ಣನವರು ಹೇಳಿದಂತೆ ಬಾಡಿಗೆ ಮೋಟರ್ ತಂದು ಪರೀಕ್ಷೆ ಮಾಡಿಸಿದೆವು. ನಿಂತ ನೀರು 180 ಅಡಿಯಲ್ಲಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎತ್ತಿದಾಗ ಮಟ್ಟ 290 ಅಡಿಗೆ ಇಳಿದು ಅಲ್ಲಿಯೇ ನಿಂತಿತು. ಡ್ರಮ್ಮು ತುಂಬಲು ನಾಲ್ಕು ನಿಮಿಷ ಬೇಕಾಯಿತು. ನೀರನ್ನು ಹೊಲದ ಮೇಲ್ತುದಿಯಲ್ಲಿ 20 ಅಡಿ ಎತ್ತರದ ಟ್ಯಾಂಕಿಗೆ ತುಂಬಿಸಬೇಕೆಂದಿದ್ದೇವೆ. ಬ್ಯಾಟರಿ ಹಾಕಬೇಕೇ ಎಂಬ ಅನುಮಾನವೂ ಇದೆ.

ಉತ್ತರ: ಹೊಳಲ್ಕೆರೆಯಿಂದ

ಈಗ ಲೆಕ್ಕ ಹಾಕಬಹುದು. ನಾಲ್ಕು ನಿಮಿಷಕ್ಕೆ 200 ಲೀಟರ್ ಎಂದರೆ ತಾಸಿಗೆ 3,000 ಲೀಟರ್. 290 ಅಡಿಗೆ 88 ಮೀಟರ್, ಟ್ಯಾಂಕಿನ ಎತ್ತರಕ್ಕೆ 6 ಮೀಟರ್, ಪೈಪಿನೊಳಗಿನ ಘರ್ಷಣೆಗೆ ಇನ್ನೊಂದು 6 ಮೀಟರ್ ಸೇರಿಸಿದರೆ ಒಟ್ಟು ಹೆಡ್, ಅಂದರೆ ಪಂಪು ನೀರೆತ್ತಬೇಕಾದ ಎತ್ತರ, 100 ಮೀಟರ್ ಆಗುತ್ತದೆ. ಪಂಪಿನ ದಕ್ಷತೆಯನ್ನು ಅರ್ಧಕ್ಕೇ ಹಿಡಿದರೂ ಈ ಕೆಲಸಕ್ಕೆ ಬೇಕಾಗುವುದು ಎರಡು ಚಿಲ್ಲರೆ ಎಚ್.ಪಿ. ಮಾತ್ರ. 3 ಎಚ್.ಪಿ. ಮೋಟರ್ ಧಾರಾಳವಾಗಿ ಸಾಕು, 5 ಎಚ್.ಪಿ. ಬಿಟ್ಟಿದ್ದರೆ ಬೋರು ಬತ್ತಿ ಬತ್ತಿ ನಿಲ್ಲುತ್ತಿತ್ತು.

ಪಂಪನ್ನು 360 ಅಡಿಗೆ ನಿಲ್ಲಿಸಿ. ಸಬ್‌ಮರ್ಸಿಬಲ್‌ನಲ್ಲಿ ಮೋಟರ್ ಕೆಳಗೆ, ನೀರು ಹೀರುವ ಜಾಲರಿ ಅದರ ಮೇಲೆ ಇರುತ್ತದೆ. 390 ಅಡಿಯ ಗ್ಯಾಪಿನಿಂದ ಬರುವ ನೀರು ಮೋಟರಿನ ಮೈ ಸವರಿಕೊಂಡು ಮೇಲೆ ಹೋಗುವುದರಿಂದ ಮೋಟರ್ ತಂಪಾಗಿರುತ್ತದೆ. 210 ಅಡಿಯ ಗ್ಯಾಪಿನ ನೀರು ಮೇಲಿನಿಂದ ಸುರಿದು ನೇರವಾಗಿ ಜಾಲರಿಗೆ ಹೋಗುವುದರಿಂದ ಅದರಿಂದ ಮೋಟರಿಗೆ ತಂಪು ಸಿಗದು. ಹೆಚ್ಚು ನೀರು ಮೇಲಿನ ಗ್ಯಾಪಿನದೇ ಎಂದು ಅನುಮಾನವಿದ್ದರೆ ಮೋಟರಿಗೆ ಕೊಳವೆಯ ಹೊದಿಕೆ ಹಾಕಿಸಿ. ಆ ಆಳಕ್ಕೆ ಪೈಪಿನ ತಳದಲ್ಲಿ ಚದರ ಸೆಂ.ಮೀ.ಗೆ 11 ಕೆ.ಜಿ.ಗಿಂತ ಹೆಚ್ಚಿನ ಒತ್ತಡ ಬೀಳಬಹುದಾದ್ದರಿಂದ 10 ಕೆ.ಜಿ. ಪೈಪು ಬೇಡ. 12.5 ಕೆ.ಜಿ.ಯದು ಸಾಕಾಗುತ್ತದೆ, ಕೈ ಹರಿದರೆ 16 ಕೆ.ಜಿ.ಯದನ್ನೇ ತನ್ನಿ.

ಮನೆಯಲ್ಲಿ ಅದೇ ನೀರು ಕುಡಿಯುವುದಾದರೆ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯ ಆಳದ ನೀರಿನಲ್ಲಿ ಅದರ ತೊಂದರೆ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ.

ಉತ್ತರ: ದಾವಣಗೆರೆಯಿಂದ

ಸೋಲಾರ್ ಅಳವಡಿಸುವುದೇ ನನ್ನ ಕಸುಬಾದ್ದರಿಂದ ಉಳಿದದ್ದನ್ನು ನಾನು ಹೇಳುತ್ತೇನೆ. ಪ್ಯಾನೆಲ್ ಕೊಳ್ಳುವ ಮುನ್ನ ಸೋಲಾರ್ ಪಂಪಿಗೆ ಸಹಾಯಧನ ಕೊಡುವ ಕುಸುಮ್-ಬಿ ಯೋಜನೆಯನ್ನು ವಿಚಾರಿಸಿ. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಕೇಂದ್ರದ ಶೇ 30ಕ್ಕೆ ನಮ್ಮ ರಾಜ್ಯ ಸರ್ಕಾರ ಶೇ 50 ಸೇರಿಸುತ್ತದೆ. ಆದರೆ ನೋಂದಾಯಿತ ಕಂಪನಿಯವರೇ ಅಳವಡಿಸಬೇಕು, ನೀವೇ ಸಾಮಾನು ತಂದು ಹಾಕಿಕೊಂಡರೆ ಸಹಾಯಧನ ಸಿಗುವುದಿಲ್ಲ. ಕಾಯಲು ವ್ಯವಧಾನವಿದ್ದರೆ ನಿಮ್ಮಂಥವರಿಗೆ ಅದೇ ಒಳ್ಳೆಯ ದಾರಿ.

ಬ್ಯಾಟರಿ ಬೇಡವೇ ಬೇಡ. ಅದಕ್ಕೆ ಹಾಕುವ ದುಡ್ಡನ್ನು ದೊಡ್ಡ ಟ್ಯಾಂಕಿಗೋ ಕೃಷಿ ಹೊಂಡಕ್ಕೋ ಹಾಕಿ. 3 ಎಚ್.ಪಿ.ಗೆ ಸುಮಾರು 3,000 ವ್ಯಾಟ್ ಪ್ಯಾನೆಲ್ ಬೇಕು, ಒಳ್ಳೆಯ ಬಿಸಿಲಿನ ದಿನ 15,000 ಲೀಟರ್ ನಿರೀಕ್ಷಿಸಬಹುದು. ಇಲ್ಲಿ ಹಲವರು ಎಡವುವುದು ಮೋಟರಿನ ವೋಲ್ಟೇಜಿನಲ್ಲಿ. 335 ವ್ಯಾಟಿನ ಒಂಬತ್ತು ಪ್ಯಾನೆಲ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ ಸುಮಾರು 340 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಬರುತ್ತದೆ. 230 ವೋಲ್ಟಿನ ತ್ರೀ ಫೇಸ್ ಮೋಟರಿಗೆ 325 ವೋಲ್ಟ್ ಡಿ.ಸಿ. ಸಾಕಾದ್ದರಿಂದ ಅದು ಸರಿಯಾಗಿ ಓಡುತ್ತದೆ, ಆದರೆ ಸಾಮಾನ್ಯವಾಗಿ ಸಿಗುವ 415 ವೋಲ್ಟಿನ ಮೋಟರಿಗೆ 580 ವೋಲ್ಟಿನಷ್ಟು ಬೇಕಾಗುವುದರಿಂದ ಅಷ್ಟೇ ಪ್ಯಾನೆಲಿಗೆ ಅದು ಪೂರ್ತಿ ವೇಗಕ್ಕೆ ಬರುವುದೇ ಇಲ್ಲ. 230 ವೋಲ್ಟಿನದಾದರೆ ಹರಿಯುವ ಆಂಪಿಯರ್ ಹೆಚ್ಚು. ಬೋರಿನ ಹೊರಗಿನ ಉದ್ದವೂ ಸೇರಿ ನಿಮ್ಮ 420 ಅಡಿ ಕೇಬಲಿನಲ್ಲಿ 2.5 ಚದರ ಮಿ.ಮೀ. ತಾಮ್ರ ಹಾಕಿದರೆ ಸುಮಾರು 16 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ ಅದು 10ಕ್ಕೆ ಇಳಿಯುತ್ತದೆ. ಇಲ್ಲಿ ಉಳಿತಾಯ ಮಾಡಬೇಡಿ.

ಇನ್ನೊಂದು ವಿಷಯ. ಬೆಳಿಗ್ಗೆ ಎಳೆಬಿಸಿಲಿನಲ್ಲಿ ಮೋಟರ್ ನಿಧಾನವಾಗಿ ತಿರುಗುತ್ತದೆ. ವೇಗ ನೂರಕ್ಕೆ ಎಂಬತ್ತಕ್ಕೆ ಇಳಿದರೆ ಪಂಪು ಎತ್ತಬಲ್ಲ ಎತ್ತರ ಅರವತ್ತನಾಲ್ಕಕ್ಕೆ ಇಳಿಯುತ್ತದೆ. ಆದ್ದರಿಂದ 100 ಮೀಟರಿಗೆ ಸರಿಯಾಗಿ ನಿಲ್ಲುವ ಪಂಪು ತಂದರೆ ನಡುಮಧ್ಯಾಹ್ನ ಮಾತ್ರ ನೀರು ನೋಡುತ್ತೀರಿ. ಸ್ಟೇಜ್ (ನೀರನ್ನು ಮೇಲೆ ದೂಡುವ ಚಕ್ರಗಳ ಹಂತ) ಹೆಚ್ಚಿರುವ, ವಾಲ್ವು ಮುಚ್ಚಿದಾಗ 150, 160 ಮೀಟರ್ ಹೆಡ್ ತೋರಿಸುವ ಪಂಪನ್ನೇ ಆರಿಸಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿಯಷ್ಟು ಓರೆಯಾಗಿರಲಿ. ಗಾಳಿಯಂತ್ರಗಳು ಸುಮ್ಮನೆ ನಿಮ್ಮ ಜಿಲ್ಲೆಗೆ ಬಂದಿಲ್ಲವಾದ್ದರಿಂದ ಕಂಬಗಳ ಬುಡಕ್ಕೆ ಕಾಂಕ್ರೀಟ್ ಗಟ್ಟಿಯಾಗಿ ಹಾಕಿಸಿ.

ಮೋಟರನ್ನು ನೀವೇ ಇಳಿಸಿ, ಪೈಪನ್ನು ನೀವೇ ಜೋಡಿಸಿ, ಆದರೆ ಡಿ.ಸಿ. ಕಡೆಯ ವೈರಿಂಗನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ತಿಳಿದವರಿಂದಲೇ ಮಾಡಿಸಿ. ಬಿಸಿಲು ಇರುವವರೆಗೆ ಪ್ಯಾನೆಲನ್ನು ಆಫ್ ಮಾಡಲು ಬರುವುದಿಲ್ಲ. ಒಂಬತ್ತು ಪ್ಯಾನೆಲಿನ ಸಾಲಿನಲ್ಲಿ ಏನೂ ಓಡದೆ ಇದ್ದಾಗ 400 ವೋಲ್ಟ್ ಮೀರಿರುತ್ತದೆ, ಓಡುತ್ತಿರುವಾಗ ಕನೆಕ್ಟರ್ ಕಿತ್ತರೆ ಹತ್ತುವ ಕಿಡಿ ಮನೆಯ ಕರೆಂಟಿನ ಕಿಡಿಯಂತೆ ತಾನಾಗಿ ಆರುವುದಿಲ್ಲ. ಪ್ಯಾನೆಲಿನ ಕರೆಂಟನ್ನು ಮೋಟರಿಗೆ ಹೊಂದಿಸಿ ಕೊಡುವ ಕಂಟ್ರೋಲರ್ ಪೆಟ್ಟಿಗೆಗೆ ಮುಂಚೆ ಡಿ.ಸಿ. ಐಸೊಲೇಟರ್ (ಕರೆಂಟ್ ಕಡಿಯುವ ಸ್ವಿಚ್), ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸರ್ಜ್ ರಕ್ಷಣೆ, ಪ್ಯಾನೆಲ್ ಚೌಕಟ್ಟಿಗೂ ಕಂಟ್ರೋಲರಿಗೂ ಅರ್ಥಿಂಗ್, ಇಷ್ಟು ಇರಲೇಬೇಕು. ಕಂಟ್ರೋಲರಿನಲ್ಲಿ ಡ್ರೈ ರನ್ ರಕ್ಷಣೆಯನ್ನು ಮೊದಲ ದಿನವೇ ಆನ್ ಮಾಡಿಸಿ.

ಮೊದಲ ಸಲ ಚಾಲು ಮಾಡುವಾಗ ಗೇಟ್ ವಾಲ್ವನ್ನು ಕಾಲು ಭಾಗ ಮಾತ್ರ ತೆರೆದು, ಕೆಸರು ನೀರು ತಿಳಿಯಾಗುವವರೆಗೆ ಹೊರಗೆ ಬಿಡಿ. ನೀರು ನಿರೀಕ್ಷೆಗಿಂತ ಬಹಳ ಕಡಿಮೆ ಬಂದರೆ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಐಸೊಲೇಟರ್ ಆಫ್ ಮಾಡಿ, ಕಂಟ್ರೋಲರಿನ ದೀಪಗಳು ಪೂರ್ತಿ ಆರಿದ ಮೇಲೆ ಮೂರರಲ್ಲಿ ಯಾವುದಾದರೂ ಎರಡು ಎಳೆಗಳನ್ನು ಅದಲುಬದಲು ಮಾಡಿಸಿ ನೋಡಿ. ಎರಡರಲ್ಲಿ ಯಾವುದಕ್ಕೆ ಹೆಚ್ಚು ನೀರು ಬರುತ್ತದೆಯೋ ಅದೇ ಸರಿಯಾದ ದಿಕ್ಕು.