ನದಿಗೆ ಶನಿವಾರ ರಜೆ

ಶುಕ್ರವಾರ ಸಂಜೆ ಸುಬ್ಬು ಫೋನು ನೋಡುತ್ತಾ, “ಬೆಳಗ್ಗೆ 8,000 ಕ್ಯೂಸೆಕ್ ಇರುತ್ತೆ, ಮಧ್ಯಾಹ್ನದ ಮೇಲೆ ಏರಿಸುತ್ತಾರೆ” ಎಂದ.

ಸೋಫಾದ ಆ ತುದಿಯಲ್ಲಿ ಇನ್ನೊಂದು ಫೋನು ಹಿಡಿದು ಕೂತಿದ್ದ ಮೇಷ್ಟ್ರು ತಲೆ ಎತ್ತಿದರು. “ಕನ್ನಂಬಾಡಿಯಲ್ಲಾ? ನಾನು ಈಗ ತಾನೇ ನೋಡಿದೆ, ಅಷ್ಟಿಲ್ಲವಲ್ಲ.”

“ಕನ್ನಂಬಾಡಿ ಅಲ್ಲ ಮಾವ, ಗ್ಲೆನ್ ಕ್ಯಾನ್ಯನ್ ಡ್ಯಾಮು. ಕೊಲರಾಡೊ ನದಿ. ನಾಳೆ ಅದರ ಕೆಳಗಿನ ಲೀಸ್ ಫೆರಿಗೆ ಹೋಗುತ್ತಿದ್ದೇನಲ್ಲ, ಟ್ರೌಟ್ ಮೀನು ಹಿಡಿಯುವುದಕ್ಕೆ.”

ಅಳಿಯನ ಈ ಹುಚ್ಚು ಮೇಷ್ಟ್ರಿಗೆ ಹೊಸದಲ್ಲ. ಪಾಂಡವಪುರದಿಂದ ಅಮೆರಿಕದ ಅರಿಜೋನಾದ ಚಾಂಡ್ಲರ್‌ಗೆ ಬಂದಿಳಿದ ದಿನವೇ ಗ್ಯಾರೇಜಿನಲ್ಲಿ ಎದೆಮಟ್ಟದ ರಬ್ಬರ್ ಪ್ಯಾಂಟು ನೇತಾಡುವುದನ್ನು ಕಂಡು, ಅಳಿಯಂದಿರು ಬಾವಿ ಹೂಳೆತ್ತುವ ಕೆಲಸಕ್ಕೂ ಸೇರಿಕೊಂಡರೇ ಎಂದು ಮಗಳನ್ನು ಗುಟ್ಟಾಗಿ ಕೇಳಿದ್ದರು.

“ಹಿಡಿದು ತಿನ್ನುವುದಿಲ್ಲ ತಾನೇ?” ಎಂದರು ಈಗ.

“ಛೇ, ಛೇ! ಹಿಡಿದು ಬಿಟ್ಟುಬಿಡುತ್ತೇನೆ. ಕೊಕ್ಕೆಗೆ ಮುಳ್ಳು ಕೂಡ ಇಲ್ಲ.”

“ಅದೇ ನನಗೆ ತಡೆಯುವುದಿಲ್ಲ,” ಎಂದ ಶೆಟ್ಟಿ. ಚಿತ್ರಾನ್ನದ ವಾಸನೆಗೆ ಎರಡು ಬೀದಿ ದಾಟಿ ಬಂದವನು ಅವನು. “5 ಗಂಟೆ ಡ್ರೈವ್ ಮಾಡಿ, ಸಾವಿರ ಡಾಲರಿನ ಗಾಳದ ಕೋಲು ಹಿಡಿದು, ಮೀನು ಕೈಗೆ ಬಂದ ಮೇಲೆ ಬಿಡುವುದಂತೆ. ನಮ್ಮ ಕುಂದಾಪುರದಲ್ಲಿ ಹೀಗೆ ಮಾಡಿದವನಿಗೆ ಹೆಣ್ಣು ಕೊಡುವುದಿಲ್ಲ ಮಾರಾಯ.”

“ಇದು ತಿನ್ನುವ ವಿಷಯವಲ್ಲ ಶೆಟ್ಟಿ. ಕಾಡುಮೀನು ಅದು. ಯಾರೂ ಸಾಕಿದ್ದಲ್ಲ. ಹರಿಯುವ ನದಿ, ಕೆಂಪು ಬಂಡೆ, ನಾನು, ಮೀನು. ಪ್ರಕೃತಿಯ ಜೊತೆ ನೇರ ಮಾತು.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೂತವರಿಗೆ ಅದು ಬೆತ್ತ ಹುಡುಕುವುದಕ್ಕೆ ಮೊದಲಿನ ಲಕ್ಷಣ. “ಪ್ರಕೃತಿ ಸರಿ. 8,000 ಅಂದಿರಲ್ಲ, ಅದನ್ನು ಪ್ರಕೃತಿ ಫೋನಿಗೆ ಕಳಿಸಿತೇ?”

“ಅದು... ಡ್ಯಾಮಿನವರ ಲೆಕ್ಕ. ಬೆಳಗ್ಗೆ 7ರಿಂದ ಸಂಜೆ 7ರವರೆಗೆ 8,000ಕ್ಕಿಂತ ಕಡಿಮೆ ಬಿಡುವ ಹಾಗಿಲ್ಲ. ರಾತ್ರಿ 5,000ಕ್ಕೆ ಇಳಿಸಬಹುದು.”

“7ರಿಂದ 7! ನಮ್ಮ ತಾಲ್ಲೂಕು ಆಫೀಸಿನವರಿಗೂ ಇಷ್ಟು ಡ್ಯೂಟಿ ಇಲ್ಲ.”

“ಕರೆಂಟಿನ ಬೇಡಿಕೆ ನೋಡಿ ಬಿಡುತ್ತಾರೆ ಮಾವ. ಜನ ಎದ್ದು ಓಡಾಡುವಾಗ ಕರೆಂಟು ಜಾಸ್ತಿ ಬೇಕು, ಆಗ ನೀರು ಜಾಸ್ತಿ. ಬೇಸಿಗೆ ಮಧ್ಯಾಹ್ನ ಇಲ್ಲಿ 43 ಡಿಗ್ರಿ, ಊರಿಗೆ ಊರೇ ಎಸಿ ಹಾಕುತ್ತೆ, ಅಲ್ಲಿ ನದಿ ಏರುತ್ತೆ.”

“ಅಂದರೆ,” ಮೇಷ್ಟ್ರು ನಿಧಾನವಾಗಿ ಹೇಳಿದರು, “ನೀವು ಸೊಂಟಮಟ್ಟ ನೀರಲ್ಲಿ ನಿಂತಿರುವಾಗ ಇಲ್ಲಿ ಪದ್ಮಾ ಸೆಖೆ ಅಂತ ಎಸಿ ಜಾಸ್ತಿ ಮಾಡಿದರೆ, ಅಲ್ಲಿ ನಿಮ್ಮ ಎದೆಮಟ್ಟ ಬರುತ್ತದೆ.”

ಅಡುಗೆಮನೆಯಿಂದ ಪದ್ಮಾಳ ದನಿ ಬಂತು. “ಅಪ್ಪ, ಇದನ್ನು ಮೊದಲೇ ಹೇಳಬಾರದಿತ್ತಾ? ರೀ, ನಾಳೆ ಎಷ್ಟು ಗಂಟೆಗೆ ನೀರಿಗಿಳಿಯುತ್ತೀರಿ?”

“ಎಲ್ಲಾ ಕರೆಂಟೂ ಇಲ್ಲಿಗೇ ಬರುವುದಿಲ್ಲ ಕಣೇ. ಯೂಟಾ, ಕೊಲರಾಡೊ, ಎಷ್ಟೋ ಕಡೆಗೆ ಹಂಚುತ್ತಾರೆ.”

“ಪರವಾಗಿಲ್ಲ, ನನ್ನ ಕೈಲಾದಷ್ಟು ಮಾಡುತ್ತೇನೆ.”

ಸುಬ್ಬು ಸೋಲೊಪ್ಪುವ ಪೈಕಿ ಅಲ್ಲ. ಲ್ಯಾಪ್‌ಟಾಪ್ ತಂದು ಪಾಠಕ್ಕೇ ಕೂತ. ಡ್ಯಾಮು 710 ಅಡಿ ಎತ್ತರ. 1963ರಲ್ಲಿ ಗೇಟು ಹಾಕಿದರು. ಅದಕ್ಕೂ ಮುಂಚೆ ಇಲ್ಲಿ ಹರಿಯುತ್ತಿದ್ದದ್ದು ಕೆಂಪು ಕೆಸರು ನೀರು. ಬೇಸಿಗೆಯಲ್ಲಿ ಬೆಚ್ಚಗೆ, ಚಳಿಗಾಲದಲ್ಲಿ ಕೊರೆಯುವಷ್ಟು, ಹಿಮ ಕರಗುವ ಕಾಲಕ್ಕೆ ಮಹಾಪೂರ. ಟ್ರೌಟ್ ಅಲ್ಲಿ ಬದುಕುವ ಮಾತೇ ಇರಲಿಲ್ಲ. ಈಗ ಮಣ್ಣೆಲ್ಲ ಮೇಲಿನ ಕೆರೆಯಲ್ಲೇ ತಳ ಸೇರುತ್ತದೆ. ಕೆರೆ ತುಂಬಿದ್ದಾಗ ನೀರು ಎಳೆದುಕೊಳ್ಳುವ ಕೊಳವೆಯ ಬಾಯಿ ಮೇಲ್ಮಟ್ಟದಿಂದ 230 ಅಡಿ ಕೆಳಗಿರುತ್ತದೆ. ಬಿಸಿಲು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಮರಳುಗಾಡಿನ ನಡುವೆ ಗಾಜಿನಂಥ ತಣ್ಣೀರು.

“ಅಲ್ಲಿಗೆ ಟ್ರೌಟ್ ತಾನಾಗಿ ಬಂತೋ?” ಎಂದರು ಮೇಷ್ಟ್ರು.

“ಇಲ್ಲ... 1964ರಲ್ಲಿ ತಂದು ಬಿಟ್ಟರು. ರೇನ್‌ಬೋ ಟ್ರೌಟ್, ಮೂಲ ಕ್ಯಾಲಿಫೋರ್ನಿಯಾ ಕಡೆಯದು. ಕಂದು ಬಣ್ಣದ್ದು ಇನ್ನೊಂದಿದೆ, ಬ್ರೌನ್ ಟ್ರೌಟ್. ಅದರ ಮೊಟ್ಟೆ 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂತು.”

“ಮತ್ತೆ ತಿನ್ನುವುದೇನನ್ನು?”

“ಸಿಗಡಿ ಥರದ ಒಂದು ಹುಳ. ಅದನ್ನೂ... ತಂದು ಬಿಟ್ಟರು.”

ಶೆಟ್ಟಿ ಬಿದ್ದು ಬಿದ್ದು ನಕ್ಕ. “ಮೀನೂ ತಂದದ್ದು, ಮೀನಿಗೆ ಊಟವೂ ತಂದದ್ದು. ನೀರು ಸ್ವಿಚ್ಚಿನಲ್ಲಿ. ಹಿಡಿಯುವವನೂ ಬಸವನಗುಡಿಯಿಂದ ತಂದವನು!”

“ಆದರೆ ಈಗಿರುವ ಮರಿಗಳು ಹೆಚ್ಚಿನವೆಲ್ಲ ಅಲ್ಲೇ ಹುಟ್ಟಿದ್ದು,” ಎಂದ ಸುಬ್ಬು, ಮುಖ ಕೆಂಪಗೆ ಮಾಡಿಕೊಂಡು. “ಹ್ಯಾಚರಿಯದಲ್ಲ. ಅಪ್ಪಟ ಕಾಡುಮೀನು.”

“ಹುಟ್ಟಿದ ಮೇಲೆ ಸಿಟಿಜನ್ ಆಯಿತು ಬಿಡು. ನಿನಗೇ ಇನ್ನೂ ಗ್ರೀನ್ ಕಾರ್ಡು ಬಂದಿಲ್ಲ.”

ಈ ಮಾತಿಗೆ ಮಾತ್ರ ಯಾರೂ ನಗಲಿಲ್ಲ. ಪದ್ಮಾ ಚಿತ್ರಾನ್ನದ ತಟ್ಟೆಗಳನ್ನು ತಂದಿಟ್ಟಳು. ವಾತಾವರಣ ತಿಳಿಯಾಗಲಿ ಎಂದು ಸುಬ್ಬು ಅಂಗಿ ಜೇಬಿನಿಂದ ಪುಟ್ಟ ಡಬ್ಬಿ ತೆಗೆದ. “ಮಾವ, ಇದನ್ನು ನೋಡಿ. ಗಾಳಕ್ಕೆ ಎರೆಹುಳ ಗಿರೆಹುಳ ಏನೂ ಇಲ್ಲ. ಇದೇ ನಮ್ಮ ನೊಣ.”

ಅಂಗೈ ಮೇಲೆ ಇಟ್ಟ. ಪುಟಾಣಿ ಕೊಕ್ಕೆ. ಅದರ ಕಾಲಿಗೆ ಕಪ್ಪು ದಾರ ಒತ್ತೊತ್ತಾಗಿ ಸುತ್ತಿದೆ. ದಾರದ ಮೇಲೆ ಕೂದಲಿಗಿಂತ ತೆಳ್ಳನೆ ಬೆಳ್ಳಿ ಬಣ್ಣದ ತಂತಿ, ಪಟ್ಟೆಪಟ್ಟೆಯಾಗಿ. ತಲೆಯ ಜಾಗದಲ್ಲಿ ಒಂದು ಮಣಿ. ನೀರಲ್ಲಿ ಹುಟ್ಟಿ ಮೇಲೇರುವ, ಸೊಳ್ಳೆಯಂಥ ಹುಳದ ಮರಿಯ ನಕಲಂತೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಗ್ಗಿದರು. “ಕುಸುರಿ ಕೆಲಸ ಚೆನ್ನಾಗಿದೆ. ನೀವೇ ಸುತ್ತಿದ್ದಾ?” ಎಂದದ್ದರಲ್ಲಿ ನಿಜವಾದ ಮೆಚ್ಚುಗೆಯಿತ್ತು. ಅಷ್ಟರಲ್ಲಿ ಮೇಲಿನ ಎಸಿ ಕಿಂಡಿ ಭುಸ್ ಎಂದಿತು. ನೊಣ ಹಾರಿತು.

“ಎಲ್ಲಿ ಬಿತ್ತು?”

“ಚಿತ್ರಾನ್ನದಲ್ಲಿ!”

ಯಾರ ತಟ್ಟೆಗೆ ಎಂದು ಯಾರಿಗೂ ಗೊತ್ತಿಲ್ಲ. ಪದ್ಮಾಳ ಒಗ್ಗರಣೆಯಲ್ಲಿ ಸಾಸಿವೆಗೆ ಬರ ಇರುವುದಿಲ್ಲ. ನಾಲ್ಕೂ ಜನ ತಟ್ಟೆಯ ಮೇಲೆ ಬಗ್ಗಿ ಕಾಳು ಕಾಳಾಗಿ ಬೇರ್ಪಡಿಸತೊಡಗಿದರು. “ಯಾರೂ ತಿನ್ನಬೇಡಿ!” ಎಂದು ಸುಬ್ಬು ಕೂಗಿದಾಗ ಶೆಟ್ಟಿಯ ಬಾಯಲ್ಲಿ ಆಗಲೇ ಒಂದು ತುತ್ತಿತ್ತು. ಅವನು ಅಗಿಯುವುದನ್ನು ನಿಲ್ಲಿಸಿ, ಕಣ್ಣು ಮಾತ್ರ ಆಡಿಸುತ್ತಾ ಕೂತ.

“ಗಾಬರಿಯಾಗಬೇಡಿ ಶೆಟ್ರೇ,” ಎಂದರು ಮೇಷ್ಟ್ರು. “ಸಿಕ್ಕಿಕೊಂಡರೂ ಇವರು ಬಿಟ್ಟುಬಿಡುತ್ತಾರೆ.”

ಕೊನೆಗೆ ಪದ್ಮಾ ಫ್ರಿಜ್ಜಿಗೆ ಅಂಟಿಸಿದ್ದ ಮೈಸೂರು ಅರಮನೆಯ ಅಯಸ್ಕಾಂತ ಕಿತ್ತು ತಂದು ತಟ್ಟೆಗಳ ಮೇಲೆಲ್ಲ ಆಡಿಸಿದಳು. ಮೇಷ್ಟ್ರ ತಟ್ಟೆಯಲ್ಲಿ, ಕಡಲೆಬೇಳೆಯ ಪಕ್ಕದಿಂದ ನೊಣ ಎದ್ದು ಅರಮನೆಯ ಬಾಗಿಲಿಗೆ ಕಚ್ಚಿಕೊಂಡಿತು. ಶೆಟ್ಟಿ ನುಂಗಿದ.

“ಇಷ್ಟು ಚಿಕ್ಕದನ್ನೇ ಯಾಕೆ ಕಟ್ಟುತ್ತೀರಿ? ದೊಡ್ಡ ನೊಣಕ್ಕೇನು ಬಂತು?” ಎಂದರು ಮೇಷ್ಟ್ರು.

“ದೊಡ್ಡ ಹುಳ ಅಲ್ಲಿ ಬದುಕುವುದಿಲ್ಲ ಮಾವ. ಹುಳಗಳು ಸಂಜೆ ನೀರಂಚಿನ ಕಲ್ಲಿಗೆ ಮೊಟ್ಟೆ ಅಂಟಿಸುತ್ತವೆ. ರಾತ್ರಿ ಡ್ಯಾಮಿನವರು ನೀರು ಇಳಿಸಿದರೆ ಮೊಟ್ಟೆ ಒಣಗಿ ಹಾಳು. ಅದಕ್ಕೇ 2018ರಲ್ಲಿ ಒಂದು ಪ್ರಯೋಗ ಮಾಡಿದರು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಪ್ರತಿ ಶನಿವಾರ, ಭಾನುವಾರ ನೀರು ಕಡಿಮೆ ಮಟ್ಟದಲ್ಲಿ ಒಂದೇ ಸಮ. ಆ ಎರಡು ದಿನ ಇಟ್ಟ ಮೊಟ್ಟೆ ವಾರವೆಲ್ಲ ನೀರೊಳಗೇ ಇರುತ್ತೆ, ಒಣಗುವುದಿಲ್ಲ. ಆಮೇಲೂ ಕೆಲವು ವರ್ಷ ಮಾಡಿದರು.”

“ಶನಿವಾರ, ಭಾನುವಾರವೇ ಯಾಕೆ?”

“ವಾರದ ಕೊನೆಗೆ ಆಫೀಸು, ಫ್ಯಾಕ್ಟರಿ ಕಡಿಮೆ. ಕರೆಂಟಿನ ನಷ್ಟವೂ ಕಡಿಮೆ.”

ಮೇಷ್ಟ್ರು ತಟ್ಟೆ ಕೆಳಗಿಟ್ಟು ಕೈ ಜೋಡಿಸಿದರು. “ನದಿಗೆ ವಾರಕ್ಕೆ ಎರಡು ದಿನ ರಜೆ. ಸೊಳ್ಳೆ ಸಂಸಾರ ಮಾಡುವುದೂ ವೀಕೆಂಡಿನಲ್ಲೇ, ಅದೂ ಸರ್ಕಾರದ ಆದೇಶದ ಪ್ರಕಾರ. ಸೋಮವಾರ ಎಲ್ಲರೂ ಕೆಲಸಕ್ಕೆ ಹಾಜರು. ಸುಬ್ಬರಾಯರೇ, ಆ ಕಣಿವೆಯಲ್ಲಿ ಡ್ಯೂಟಿ ಇಲ್ಲದವರು ಅಂದರೆ ನೀವೊಬ್ಬರೇ.”

“ಮಾವ, ಊರಲ್ಲಿ ನಿಮಗೂ ಡ್ಯಾಮೇ ಅಲ್ವಾ? ದಿನಾ ಬೆಳಗ್ಗೆ 124.80 ಅಡಿಗೆ ಎಷ್ಟು ಕಮ್ಮಿ ಅಂತ ನೋಡದೆ ಕಾಫಿ ಕುಡಿಯುವುದಿಲ್ಲ.”

“ನಾನು ನೋಡುವುದು ಭತ್ತಕ್ಕೆ. ಕನ್ನಂಬಾಡಿಯನ್ನು ಪ್ರಕೃತಿ ಅಂತ ನಾನು ಯಾವತ್ತೂ ಕರೆದಿಲ್ಲ.”

ಸುಬ್ಬು ಇಲ್ಲಿ ಸುಮ್ಮನಿರಬಹುದಿತ್ತು. ಆದರೆ ಲೀಸ್ ಫೆರಿ ಏನು ಸಾಮಾನ್ಯ ಜಾಗವಲ್ಲ ಎಂದು ತೋರಿಸುವ ಹಟ. 1922ರ ಒಪ್ಪಂದದ ಕಥೆ ತೆಗೆದ. ಏಳು ರಾಜ್ಯಗಳು ಕೊಲರಾಡೊ ನೀರು ಹಂಚಿಕೊಂಡದ್ದು, ಮೇಲಿನ ರಾಜ್ಯಗಳು, ಕೆಳಗಿನ ರಾಜ್ಯಗಳು ಎಂದು ಗೆರೆ ಎಳೆದದ್ದು ಅಲ್ಲೇ. ಅಲ್ಲಿ ದಾಟುವ ನೀರು ಹತ್ತು ವರ್ಷಕ್ಕೆ ಒಟ್ಟು 7.5 ಕೋಟಿ ಎಕರೆ-ಅಡಿಗಿಂತ ಇಳಿಯುವ ಹಾಗೆ ಮೇಲಿನವರು ಮಾಡುವಂತಿಲ್ಲ.

ಮೇಷ್ಟ್ರ ಕಣ್ಣು ಮಿಂಚಿತು. ಅಂಗಡಿಯ ಕೂಪನ್ನಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ಒಂದು ಎಕರೆ-ಅಡಿಗೆ 43,560 ಘನ ಅಡಿ. ಗುಣಿಸಿದರು, ಸೊನ್ನೆ ಹೊಡೆದರು. “ವರ್ಷಕ್ಕೆ 327 ಟಿಎಂಸಿ! ನಾವು ತಮಿಳುನಾಡಿಗೆ ಬಿಡುವ 177.25ಕ್ಕೇ ರಸ್ತೆಯಲ್ಲಿ ಟೈರು ಸುಡುತ್ತೇವೆ. ಅಲ್ಲಾ, ಇಷ್ಟು ದಿನ ನೀವು ಹೋಗುತ್ತಿದ್ದದ್ದು ಬಿಳಿಗುಂಡ್ಲುವಿಗೆ! ಅಳತೆ ಮಾಡುವವರ ಪಕ್ಕದಲ್ಲೇ ರಬ್ಬರ್ ಪ್ಯಾಂಟು ಹಾಕಿ ನಿಂತು, ಆಹಾ, ಕಾಡು ಅನ್ನುತ್ತೀರಲ್ಲ!”

“ಹೋಗಲಿ ಬಿಡಿ ಅಪ್ಪ,” ಎಂದಳು ಪದ್ಮಾ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಗಂಡನ ಪಕ್ಷ.

ಸುಬ್ಬು ಡಬ್ಬಿ ಮುಚ್ಚಿದ. “ಎಲ್ಲಾ ನಿಜ ಮಾವ. ಆದರೆ ಅಲ್ಲಿ ನೀರಲ್ಲಿ ನಿಂತಾಗ ತಲೆಯಲ್ಲಿ ಏನೂ ಓಡುವುದಿಲ್ಲ. ವೀಸಾ ಇಲ್ಲ, ಲೇಆಫ್ ಇಲ್ಲ. ಮೀನನ್ನು ನೀರೊಳಗೇ ಹಿಡಿದುಕೊಂಡು ಕೈ ಸಡಿಲ ಮಾಡಿದರೆ ಅದು ತಕ್ಷಣ ಹೋಗುವುದಿಲ್ಲ. ಒಂದು ಕ್ಷಣ ಕೈಮೇಲೇ ನಿಂತಿರುತ್ತೆ. ಈಗ ಅದಕ್ಕೂ ಕಷ್ಟ. 2022, 2023ರ ಹೊತ್ತಿಗೆ ಮೇಲಿನ ಕೆರೆ ಬಹಳ ಬತ್ತಿತು. ನೀರಿನ ಮಟ್ಟ ಇಳಿದು, ಕೊಳವೆಗೆ ಬಿಸಿ ನೀರು ಸೇರಿತು. ಕೆರೆಯ ಬೇರೆ ಮೀನುಗಳೂ ಅದರೊಳಗಿಂದ ಕೆಳಗೆ ಬಂದವು. ಟ್ರೌಟ್ ಸಿಗುವುದೇ ಕಮ್ಮಿಯಾಯಿತು.”

ಮೇಷ್ಟ್ರು ಕೂಪನ್ನನ್ನು ಮಡಚಿ ಮಡಚಿ ಚಿಕ್ಕದು ಮಾಡಿದರು.

“ನಮ್ಮ ಕಡೆ ವಿ.ಸಿ. ನಾಲೆ ನಿಲ್ಲಿಸಿದಾಗ ಗುಂಡಿಗಳಲ್ಲಿ ಮೀನು ಉಳಿದುಕೊಳ್ಳುತ್ತಿದ್ದವು,” ಎಂದರು. “ಹುಡುಗರೆಲ್ಲ ಟವೆಲ್ ಹಿಡಿದು ಹೋಗುತ್ತಿದ್ದೆವು. ನಾನು ಮೀನು ಮುಟ್ಟುವ ಹಾಗಿಲ್ಲ, ಟವೆಲ್ಲಿನ ಒಂದು ತುದಿ ಹಿಡಿಯಬಹುದು ಅಂತ ನಮ್ಮ ನಮ್ಮಲ್ಲೇ ತೀರ್ಮಾನ. ಆ ಕಡೆಯ ತುದಿ ಚಿಕ್ಕೋನು ಹಿಡಿಯುತ್ತಿದ್ದ.”

“ಅವರು ಈಗ?” ಎಂದ ಸುಬ್ಬು.

“ಮಂಡ್ಯದಲ್ಲಿ ಮಗನ ಮನೆಯಲ್ಲಿದ್ದಾನೆ. ಫೋನು ಮಾಡಿದರೆ ನನ್ನ ಗುರುತೇ ಹತ್ತುವುದಿಲ್ಲ. ನಾಲೆಗೆ ನೀರು ಬಿಟ್ಟರಾ ಅಂತ ಕೇಳುತ್ತಾನೆ. ನಾನು ಬಿಟ್ಟರು ಅಂತಲೇ ಹೇಳುತ್ತೇನೆ.”

ಶೆಟ್ಟಿಗೆ ಇಂಥ ಮೌನ ಆಗುವುದಿಲ್ಲ. ಕೆಮ್ಮಿದ. “ಸುಬ್ಬು, ನಿನ್ನ ಮೀನಿನ ಬಗ್ಗೆ ಇನ್ನೊಂದು ಸುದ್ದಿ ಕೇಳಿದೆ ಮಾರಾಯ. ಕೆಳಗಡೆ ಸರ್ಕಾರದವರೇ ಅದಕ್ಕೆ ಕರೆಂಟು ಕೊಟ್ಟು ಹಿಡಿದು ಕೊಂದರಂತೆ?”

“2003ರಿಂದ 2006ರವರೆಗೆ. ಅಲ್ಲಿ ಹಂಪ್‌ಬ್ಯಾಕ್ ಚಬ್ ಅಂತ ಒಂದು ಮೀನಿದೆ. ಕತ್ತಿನ ಹಿಂದೆ ಗೂನು ಇರುತ್ತೆ. ಅದೇ ಆ ನದಿಯ ಮೂಲ ನಿವಾಸಿ. ತಣ್ಣೀರಿನಲ್ಲಿ ಅದರ ಸಂತಾನ ಬೆಳೆಯುವುದು ಕಷ್ಟ, ಅದರ ಮೇಲೆ ಟ್ರೌಟ್ ಬೇರೆ ಅದರ ಮರಿಗಳನ್ನು ತಿನ್ನುತ್ತೆ. ಅದಕ್ಕೇ ಸಾವಿರಾರು ಟ್ರೌಟ್ ತೆಗೆದರು. ಝೂನಿ ಬುಡಕಟ್ಟಿನವರು ಅದು ನಮ್ಮ ಪವಿತ್ರ ಜಾಗ, ಅಲ್ಲಿ ಇಷ್ಟು ಜೀವ ತೆಗೆಯುವುದು ಬೇಡ ಅಂದರು.”

“ಸಾವಿರಾರು! ಇವನು ಒಂದೊಂದನ್ನೇ ಮುದ್ದು ಮಾಡಿ ಬಿಡುವುದು, ಅವರು ರಾಶಿ ರಾಶಿ ತೆಗೆಯುವುದು. ಒಂದೇ ನದಿ!”

“ಈಗ ಕಂದು ಟ್ರೌಟ್ ಮೇಲೆ ಕಣ್ಣು,” ಎಂದ ಸುಬ್ಬು ಅರೆಮನಸ್ಸಿನಿಂದ. “ಅದು ಇನ್ನೂ ದೊಡ್ಡ ಹೊಟ್ಟೆಬಾಕ. 2020ರಲ್ಲಿ ನ್ಯಾಷನಲ್ ಪಾರ್ಕ್‌ನವರು ಬಹುಮಾನ ಶುರು ಮಾಡಿದರು. ಲೀಸ್ ಫೆರಿಯಲ್ಲಿ ಆರು ಇಂಚಿಗಿಂತ ಉದ್ದದ ಕಂದು ಟ್ರೌಟ್ ಹಿಡಿದರೆ, ಆಗ ಒಂದಕ್ಕೆ 25 ಡಾಲರ್ ಇಟ್ಟಿದ್ದರು.”

ಶೆಟ್ಟಿ ನೆಟ್ಟಗೆ ಕೂತ. “ಹಿಡಿದವನಿಗೆ ದುಡ್ಡು?”

“ಹೂಂ.”

“ಮೀನು?”

“ಅದೂ ನಿನಗೇ. ತಿನ್ನಬಹುದು.”

“ಅಯ್ಯೋ ಮಾರಾಯ, ಇದನ್ನು ಇಷ್ಟು ಹೊತ್ತು ಯಾಕೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ? ಪದ್ಮಕ್ಕ, ಕೊಬ್ಬರಿ ಎಣ್ಣೆ ಇದೆಯಾ? ನಾಳೆ ಎಷ್ಟು ಗಂಟೆಗೆ ಹೊರಡುವುದು?”

“ನನ್ನ ಕಾರಿನಲ್ಲಿ ಮೀನು ತರುವ ಹಾಗಿಲ್ಲ,” ಎಂದ ಸುಬ್ಬು.

“ನಿನ್ನ ರಬ್ಬರ್ ಪ್ಯಾಂಟಿನಲ್ಲಿ ತರುತ್ತೇನೆ.”

“ಒಂದು ಷರತ್ತಿದೆ. ಲೆಕ್ಕಕ್ಕೆ ತಲೆ, ಕರುಳು ಎರಡನ್ನೂ ಅವರಿಗೆ ಒಪ್ಪಿಸಬೇಕು. ಅಲ್ಲೇ ಫ್ರೀಜರ್ ಇಟ್ಟಿದ್ದಾರೆ.”

ಶೆಟ್ಟಿಯ ಮುಖ ಕಪ್ಪಿಟ್ಟಿತು. “ತಲೆ ಕೊಡಬೇಕಾ?”

“ಕೊಡಬೇಕು.”

“ತಲೆ ಕೊಟ್ಟ ಮೇಲೆ ಸಾರಿಗೆ ಉಳಿಯುವುದೇನು?”

“ಶೆಟ್ರೇ,” ಎಂದರು ಮೇಷ್ಟ್ರು, “ಆ 25 ಡಾಲರ್ ಮೀನು ಹಿಡಿದದ್ದಕ್ಕಲ್ಲ. ತಲೆ ಬಿಟ್ಟುಕೊಟ್ಟ ದುಃಖಕ್ಕೆ ಪರಿಹಾರಧನ.”

ಶೆಟ್ಟಿ ಕೂಪನ್ನನ್ನು ಮೇಷ್ಟ್ರ ಕೈಯಿಂದ ಕಸಿದು ಬಿಡಿಸಿದ. 327ರ ಪಕ್ಕದಲ್ಲಿ ತನ್ನ ಲೆಕ್ಕ ಬರೆದ. ಹೊಡೆದು ಹಾಕಿದ. ಮತ್ತೆ ಬರೆದ.

“ಕರುಳು ಕೊಡುತ್ತೇನೆ,” ಎಂದ. “ತಲೆಗೆ ಬೇರೆ ರೇಟು ಮಾತಾಡಬೇಕು.”